ಮನೆಯಲ್ಲೇ ವಿಮಾನ ಕಟ್ಟುವವರು ಎಂಜಿನ್ನನ್ನು ಕೊನೆಗೆ ಕೊಳ್ಳುವುದೇಕೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವೆ. ಅಮೆರಿಕದಲ್ಲಿ ಕಾರ್ ನಿಲ್ಲಿಸುವ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ನೋಡುವವರೂ ಸಾವಿರಾರು ಮಂದಿ ಇದ್ದಾರೆ. ಅಲ್ಲಿನ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ, ಆದರೆ ಒಂದು ಷರತ್ತಿನೊಂದಿಗೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ, ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಮಾಡಿರಬೇಕು. ಹೀಗೆ ಕಟ್ಟಲು ಬೇಕಾದ ಭಾಗಗಳನ್ನು ಕಂಪನಿಗಳು ಕಿಟ್ ರೂಪದಲ್ಲಿ ಮಾರುತ್ತವೆ.

ಕಿಟ್ ಎಂದ ಕೂಡಲೇ ಬಹಳ ಜನರ ಮನಸ್ಸಿನಲ್ಲಿ ಮೂಡುವುದು ಒಂದು ದೊಡ್ಡ ಪೆಟ್ಟಿಗೆ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಅಗ್ಗ, ಎಂಜಿನ್ ವಿಮಾನದ ಹೃದಯವಾದ್ದರಿಂದ ಅದನ್ನು ಮೊದಲು ತಂದಿಟ್ಟುಕೊಳ್ಳಬೇಕು ಎನ್ನುವ ನಂಬಿಕೆಯೂ ಇದೆ. ಇವೆರಡನ್ನೂ ನಂಬಿ ಹೊರಟರೆ ಲಕ್ಷಗಟ್ಟಲೆ ರೂಪಾಯಿಗೆ ಸಮನಾದ ಹಣ ಮೂಲೆಯಲ್ಲಿ ತುಕ್ಕು ಹಿಡಿಯಬಹುದು. ತುಕ್ಕು ಎಂದದ್ದು ಮಾತಿಗಲ್ಲ, ನಿಜವಾದ ತುಕ್ಕೇ.

ಆರೆಗಾನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಉದಾಹರಣೆ ನೋಡೋಣ. ಇದರ ಆರ್‌ವಿ ಸರಣಿಯ 11,000ಕ್ಕೂ ಹೆಚ್ಚು ವಿಮಾನಗಳು ಈವರೆಗೆ ಹಾರಿವೆ. ಈ ಕಂಪನಿ ತನ್ನ ಹೆಚ್ಚಿನ ಮಾದರಿಗಳನ್ನು ಕಂತುಗಳಲ್ಲಿ ಮಾರುತ್ತದೆ: ಮೊದಲು ಬಾಲ, ಆಮೇಲೆ ರೆಕ್ಕೆ, ನಂತರ ಒಡಲು, ಕೊನೆಗೆ ಚಕ್ರ, ಗಾಜಿನ ಮುಚ್ಚಳ, ಎಂಜಿನ್ನಿನ ಹೊರಕವಚ ಮುಂತಾದವು ಇರುವ ಫಿನಿಶಿಂಗ್ ಕಿಟ್. ಎಂಜಿನ್, ಪ್ರೊಪೆಲ್ಲರ್, ಕಾಕ್‌ಪಿಟ್‌ನ ಎಲೆಕ್ಟ್ರಾನಿಕ್ ಉಪಕರಣಗಳು ಇದರಲ್ಲಿ ಸೇರಿಲ್ಲ. ಒಟ್ಟು ಖರ್ಚಿನ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹೋಗುವುದು ಈ ಮೂರಕ್ಕೇ.

ಬಾಲವೇ ಯಾಕೆ ಮೊದಲು? ಅದು ಚಿಕ್ಕದು, ಎಲ್ಲ ಕಿಟ್‌ಗಳಲ್ಲೂ ಅಗ್ಗದ್ದು. ಆದರೆ ಮುಂದೆ ಇಡೀ ವಿಮಾನಕ್ಕೆ ಬೇಕಾಗುವ ಕೆಲಸವೆಲ್ಲ ಅದರಲ್ಲಿದೆ. ಅಲ್ಯೂಮಿನಿಯಂ ಹಾಳೆಗೆ ತೂತು ಕೊರೆಯುವುದು, ಅಂಚು ನಯ ಮಾಡುವುದು, ರಿವೆಟ್‌ನ ತಲೆ ಹಾಳೆಯ ಮಟ್ಟಕ್ಕೆ ಕೂರುವಂತೆ ತೂತಿನ ಸುತ್ತ ಪುಟ್ಟ ಬಟ್ಟಲಿನ ಹಾಗೆ ಒತ್ತುವುದು, ರಿವೆಟ್ ಹೊಡೆಯುವುದು. ಕೈ ಪಳಗುವ ಮುಂಚೆ ಒಂದೆರಡು ಹಾಳೆ ಹಾಳಾಗುವುದು ಸಹಜ. ಬಾಲದ ಹಾಳೆಯಾದರೆ ಬೇರೆ ತರಿಸಬಹುದು. ಇನ್ನೊಂದು ಲಾಭದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. "ಇದು ನನ್ನ ಕೈಲಾಗದು" ಎಂದು ಅರ್ಥವಾಗುವುದಾದರೆ ಅದು ಬಾಲದಲ್ಲೇ ಅರ್ಥವಾಗಲಿ. ಆಗ ನಷ್ಟ ಚಿಕ್ಕದು, ಅವಮಾನವಂತೂ ಏನೂ ಇಲ್ಲ.

ಈಗ ಸಮಯದ ಲೆಕ್ಕ. ಇಂಥ ವಿಮಾನಕ್ಕೆ 2,000 ಗಂಟೆಯ ಕೆಲಸ ಬೇಕು ಎಂದುಕೊಳ್ಳಿ. ಕಚೇರಿ, ಸಂಸಾರದ ನಡುವೆ ವಾರಕ್ಕೆ 10 ಗಂಟೆ ಸಿಕ್ಕರೆ ಹತ್ತಿರಹತ್ತಿರ 4 ವರ್ಷ. ಮನೆ ಕಟ್ಟಿಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪಾಯ ತೋಡಿದ ದಿನವೇ ಮನೆಗೆ ಬೇಕಾದ ಸಿಮೆಂಟನ್ನೆಲ್ಲ ಯಾರೂ ತಂದು ಹಾಕುವುದಿಲ್ಲ. ಒಂದು ಮಳೆಗಾಲ ಕಳೆದರೆ ಚೀಲದಲ್ಲೇ ಕಲ್ಲಾಗುತ್ತದೆ. ಕಬ್ಬಿಣದ ಕಿಟಕಿ ಸರಳು ಕಾಯುತ್ತದೆ, ಸಿಮೆಂಟ್ ಕಾಯುವುದಿಲ್ಲ.

ವಿಮಾನದಲ್ಲೂ ಹಾಗೆಯೇ. ಒಣಗಿದ ಜಾಗದಲ್ಲಿಟ್ಟರೆ ಅಲ್ಯೂಮಿನಿಯಂ ಕಾಯುತ್ತದೆ. ರೆಕ್ಕೆಯೊಳಗಿನ ಇಂಧನದ ಟ್ಯಾಂಕಿಗೆ ಬಳಿಯುವ ಅಂಟಿಗೆ ಮಾತ್ರ ಆಯಸ್ಸು ಕೆಲವು ತಿಂಗಳಷ್ಟೇ. ಬ್ಯಾಟರಿ ಸುಮ್ಮನೆ ಕೂತರೂ ಸವೆಯುತ್ತದೆ. ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಕಟ್ಟುವವರಿಗಂತೂ ಡಬ್ಬಿಯ ಮೇಲಿನ ತಾರೀಖೇ ಪಂಚಾಂಗ. (ನಮ್ಮ ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಈ ಜಾತಿಯದೇ. ಬರ್ಟ್ ರುಟಾನ್ ಅವರು ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಝಡ್ ಅದರ ಮೂಲ.)

ಎಲ್ಲಕ್ಕಿಂತ ಸೂಕ್ಷ್ಮ ಎಂಜಿನ್ನಿನದು. ಈ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಲೈಕಾಮಿಂಗ್ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಮೇಲ್ಭಾಗದಲ್ಲಿದೆ. ಎಂಜಿನ್ ಓಡದೆ ನಿಂತರೆ ಅದರ ಮೇಲಿನ ಎಣ್ಣೆ ಮೆಲ್ಲಗೆ ಕೆಳಗಿಳಿಯುತ್ತದೆ, ಬರಿ ಉಕ್ಕಿಗೆ ಗಾಳಿಯ ತೇವ ತಗಲುತ್ತದೆ. ಕಣ್ಣಿಗೆ ಕಾಣದ ಆ ತುಕ್ಕು ಎಂಜಿನ್ ಓಡತೊಡಗಿದ ಮೇಲೆ ಲೋಹವನ್ನೇ ಕೆರೆದು ತಿನ್ನುತ್ತದೆ. ಹೊಸ ಎಂಜಿನ್ನಿಗೆ ಕಾರ್ಖಾನೆಯಲ್ಲೇ ರಕ್ಷಕ ಎಣ್ಣೆ ಹಾಕಿ, ತೇವ ಹೀರುವ ಸಿಲಿಕಾ ಹರಳಿನ ಬಿರಡೆ ಜಡಿದು ಕಳಿಸುತ್ತಾರೆ, ನಿಜ. ಆದರೆ ಆ ರಕ್ಷಣೆಗೂ ಅವಧಿ ಇದೆ. ಹರಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಬೇಕು. ಮೊದಲ ವರ್ಷವೇ ಎಂಜಿನ್ ತಂದವರು ಉಳಿದ ಮೂರು ವರ್ಷ ಅದನ್ನು ಬಾಣಂತಿಯ ಹಾಗೆ ನೋಡಿಕೊಳ್ಳಬೇಕಾಗುತ್ತದೆ.

ಕಾಕ್‌ಪಿಟ್‌ನ ಪರದೆಗಳು ಹಳೆಯದಾಗುವ ಬಗೆ ಬೇರೆ. ನಾಲ್ಕು ವರ್ಷ ಹಳೆಯ ಮೊಬೈಲ್ ನಿಮ್ಮ ಕೈಲಿದ್ದರೆ ವಿವರಣೆ ಬೇಡ. ಮೇಲಾಗಿ, ಒಮ್ಮೆಯೂ ಆನ್ ಮಾಡದ ಉಪಕರಣದ ಗ್ಯಾರಂಟಿ ಪೆಟ್ಟಿಗೆಯಲ್ಲೇ ಮುಗಿದುಹೋಗಬಹುದು.

ಹಾಗಾದರೆ ಎಂಜಿನ್ನಿನ ಯೋಚನೆಯನ್ನೇ ಕೊನೆಗೆ ಬಿಡಬಹುದೇ? ಇಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಕೊಳ್ಳುವುದು ಕೊನೆಗೆ, ಯಾವುದನ್ನು ಕೊಳ್ಳಬೇಕೆಂಬ ತೀರ್ಮಾನ ಬೇಗ. ಎಂಜಿನ್ ಹೊರುವ ಚೌಕಟ್ಟು, ಹೊರಕವಚ, ಇಂಧನದ ಕೊಳವೆಗಳು ಎಂಜಿನ್ ಯಾವುದೆಂಬುದರ ಮೇಲೆ ನಿಂತಿವೆ. ಆಟೋಪೈಲಟ್ಟಿನ ಮೋಟಾರು ರೆಕ್ಕೆಯಲ್ಲಿ ಕೂರುವುದಾದರೆ ಅದರ ಜಾಗ ಮತ್ತು ವೈರಿನ ದಾರಿಯನ್ನು ರೆಕ್ಕೆಯ ಹಾಳೆ ಮುಚ್ಚುವ ಮೊದಲೇ ಮಾಡಿಕೊಳ್ಳಬೇಕು. ಗಾರೆ ಮೆತ್ತಿದ ಮೇಲೆ ಗೋಡೆ ಒಡೆದು ವೈರಿಂಗ್ ಮಾಡಿಸಿದವರಿಗೆ ಈ ಸಂಕಟ ಗೊತ್ತು.

ತೀರ್ಮಾನವಾದ ಮೇಲೆ ಬುಕಿಂಗ್. ಕೋವಿಡ್ ನಂತರದ ಬೇಡಿಕೆಯಲ್ಲಿ ಎಂಜಿನ್ನಿಗೆ ವರ್ಷಕ್ಕೂ ಹೆಚ್ಚು ಕಾಯಬೇಕಾದ ಕಾಲವೂ ಬಂದಿತ್ತು. ಆದ್ದರಿಂದ ಯಾವ ತಿಂಗಳು ಬೇಕು ಎಂದು ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಆರ್ಡರ್ ಕೊಡುವುದು ಸರಿಯಾದ ದಾರಿ.

"ಬೆಲೆ ಏರುತ್ತಲೇ ಇರುತ್ತದೆ, ಈಗಲೇ ದುಡ್ಡು ಕಟ್ಟಿಬಿಡೋಣ" ಎನ್ನುವ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ 2023ರಲ್ಲಿ ನಡೆದದ್ದು ಅದರ ಇನ್ನೊಂದು ಮುಖ. ಬೇಡಿಕೆ ಪೂರೈಸಲು ವ್ಯಾನ್ಸ್ ಕೆಲವು ಭಾಗಗಳ ತೂತುಗಳನ್ನು ಲೇಸರ್‌ನಿಂದ ಕತ್ತರಿಸಿ ತರಿಸಿತ್ತು. ನಾವು ಮೇಲೆ ಹೇಳಿದ ಬಟ್ಟಲು ಒತ್ತುವ ಹೊತ್ತಿಗೆ ಅಂಥ ಕೆಲವು ತೂತುಗಳ ಅಂಚಿನಲ್ಲಿ ಬಿರುಕು ಕಂಡಿತು. ಭಾಗಗಳನ್ನು ಬದಲಿಸಿಕೊಡುವ ಹೊರೆಯೂ ಸೇರಿ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿ, ಆ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಮುಂಗಡ ಕೊಟ್ಟು ಕಾಯುತ್ತಿದ್ದವರಿಗೆ ಹಳೆಯ ದರದಲ್ಲಿ ಕಿಟ್ ಸಿಗಲಿಲ್ಲ. ಬೆಲೆ ಸರಾಸರಿ ಶೇ. 32ರಷ್ಟು ಏರಿತು. 2024ರಲ್ಲಿ ಕಂಪನಿ ಚೇತರಿಸಿಕೊಂಡು ಹೊರಬಂದಿತು. ಆದರೆ ಒಂದು ಹಂತದ ಹಣ ಮಾತ್ರ ಕಟ್ಟಿದ್ದವರಿಗೂ ಮೂರು ಹಂತದ್ದು ಕಟ್ಟಿದ್ದವರಿಗೂ ಆ ಚಳಿಗಾಲದ ನಿದ್ದೆ ಒಂದೇ ತೆರನಾಗಿರಲಿಲ್ಲ. ಕೈಯಲ್ಲಿರುವ ಹಂತ ಮುಗಿಯುತ್ತ ಬಂದಾಗ, ಕಾಯುವ ಅವಧಿಯಷ್ಟು ಮುಂಚೆ, ಮುಂದಿನ ಹಂತಕ್ಕೆ ಮಾತ್ರ ಹಣ ಕಟ್ಟುವುದೇ ಮೇಲು ಎಂದು ನಮಗನ್ನಿಸುವುದು ಇದಕ್ಕೇ.

ಕೊನೆಯದಾಗಿ ಜಾಗದ ಮಾತು. ಪ್ರತಿ ಪೆಟ್ಟಿಗೆ ಬಂದ ವಾರವೇ ಪಟ್ಟಿ ಹಿಡಿದು ರಿವೆಟ್ ಪೊಟ್ಟಣದವರೆಗೂ ಎಣಿಸಿ ನೋಡಬೇಕು. ಕಡಿಮೆ ಬಿದ್ದದ್ದನ್ನು ತಿಳಿಸಲು ಗಡುವಿರುತ್ತದೆ. ಹಾಗೇ ರೆಕ್ಕೆ ಮುಗಿಯುವ ಮೊದಲೇ ಒಡಲಿನ ಪೆಟ್ಟಿಗೆ ಬಂದಿಳಿದರೆ ಗ್ಯಾರೇಜಿನಲ್ಲಿ ರಿವೆಟ್ ಹೊಡೆಯಲು ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಕಾರು ಆ ಹೊತ್ತಿಗಾಗಲೇ ಬೀದಿಗೆ ಬಿದ್ದಿರುತ್ತದೆ.