ಚಳಿಗಾಲದ ಮೊಟ್ಟೆ ಮತ್ತು ಕೋಳಿಗೂಡಿನ ದೀಪ



ಅಡಿಕೆ ಕೊನೆ ಇಳಿಸುವ, ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಸಂಘದ ಕಚೇರಿಗೆ ಬಂದವರು ಸಾಮಾನ್ಯವಾಗಿ ಕೇಳುವುದು ಧಾರಣೆಯ ವಿಷಯ. ಕಳೆದ ಡಿಸೆಂಬರ್ ತಿಂಗಳಲ್ಲಿ ಭದ್ರಾವತಿ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರ ಮನೆಯಾಕೆ ಶಿವಮೊಗ್ಗದ ಕಚೇರಿಗೆ ಬಂದು ಬೇರೆಯೇ ಪ್ರಶ್ನೆ ಕೇಳಿದರು. ಮಹಿಳಾ ಸಂಘದಿಂದ ಸಾಲ ಪಡೆದು ಅವರು 24 ಸ್ವರ್ಣಧಾರಾ ಹೇಂಟೆಗಳನ್ನು ಸಾಕಿದ್ದರು. ಬೇಸಿಗೆಯಲ್ಲಿ ದಿನಕ್ಕೆ ಹದಿನಾಲ್ಕು ಹದಿನೈದು ಮೊಟ್ಟೆ ಸಿಗುತ್ತಿದ್ದುದು ಈಗ ಐದಕ್ಕೆ ಇಳಿದಿತ್ತು. ಸಾಲದ ಕಂತು ಮಾತ್ರ ಇಳಿದಿರಲಿಲ್ಲ.

“ಅಣ್ಣಾ, ಕೋಳಿ ವ್ಯಾಪಾರಿ ನಾಳೆ ಬರ್ತೀನಿ ಅಂದಿದಾನೆ. ಎಲ್ಲಾನೂ ತೂಕಕ್ಕೆ ಹಾಕಿ ಕೈ ತೊಳ್ಕಂಬಿಡ್ಲಾ? ಅಥವಾ ಗೂಡಿಗೆ ಒಂದು ಬಲ್ಬ್ ಹಾಕಿದ್ರೆ ಮೊಟ್ಟೆ ಇಡ್ತಾವೆ ಅಂತಾರಲ್ಲ, ಅದು ಹೌದಾ?” ಎಂದು ಕೇಳಿದರು.

“ನಾಳೆಯೇ ಕೊಡಬೇಡಿ ತಾಯಿ, ಮೊದಲು ಕೋಳಿ ನೋಡೋಣ” ಎಂದೆ. ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ತೋಟದ ಜೊತೆಗೆ ಹಿತ್ತಲಲ್ಲಿ ಕೋಳಿ ಸಾಕುವ ಅನೇಕ ಸದಸ್ಯರ ಮನೆಗಳಲ್ಲಿ ಇದು ಪ್ರತಿವರ್ಷ ಏಳುವ ಪ್ರಶ್ನೆಯಾದ್ದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುಲಿಯುವ ಚಪ್ಪರದ ಕೋಳಿಗಳು

ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಗಿದ್ದರೂ ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಅಡಿಕೆ ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ಪೆಟ್ರೋಮ್ಯಾಕ್ಸ್ ತೂಗುಹಾಕಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿ ಹತ್ತು ಹನ್ನೊಂದರ ತನಕ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಬೇಯಿಸುವ ಹಂಡೆಯ ಒಲೆ. ಅದರಾಚೆ ತಟ್ಟಿ ಕಟ್ಟಿದ ಕೋಳಿಗೂಡು. ಅದರಲ್ಲಿ ತಂದೆಯವರು ಪೇಟೆಯಿಂದ ತಂದಿದ್ದ ಏಳೆಂಟು ಬಿಳಿ ಲೆಗ್‌ಹಾರ್ನ್ ಹೇಂಟೆಗಳು.

ಊರಿನ ಬೇರೆ ಮನೆಗಳಲ್ಲಿ ಮೊಟ್ಟೆ ಕಡಿಮೆಯಾಗುವ ಆ ದಿನಗಳಲ್ಲಿ ನಮ್ಮ ಗೂಡಿನಲ್ಲಿ ಮೊಟ್ಟೆ ಸಿಗುತ್ತಿತ್ತು. “ಒಲೆ ಕಾವಿಗೆ ಕೋಳಿ ಬೆಚ್ಚಗಿರ್ತವೆ, ಅದಕ್ಕೇ ಇಡ್ತವೆ” ಎಂದು ಅಜ್ಜಿ ಹೇಳುತ್ತಿದ್ದರು. ಸುಲಿಯುವ ಕೆಲಸ ಮುಗಿದು ಚಪ್ಪರದ ದೀಪ ಇಳಿಸಿದ ಎರಡು ಮೂರು ವಾರಕ್ಕೆ ಅವೇ ಕೋಳಿಗಳು ಗರಿ ಉದುರಿಸಿ ಮೊಟ್ಟೆ ನಿಲ್ಲಿಸುತ್ತಿದ್ದವು. ಅಡಿಕೆ ಮುಗಿದರೆ ಮೊಟ್ಟೆಯೂ ಮುಗಿಯಿತು ಎಂಬುದು ನಮ್ಮ ಮನೆಯ ಮಾತಾಗಿತ್ತು. ಅಜ್ಜಿ ಗಮನಿಸಿದ್ದು ಸರಿಯಾಗಿಯೇ ಇತ್ತು. ಕಾರಣ ಮಾತ್ರ ಒಲೆಯ ಕಾವಲ್ಲ, ದೀಪದ ಬೆಳಕು ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಕೋಳಿ ಹಗಲನ್ನು ಅಳೆಯುವ ಬಗೆ

ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ವಿಲಿಯಂ ರೋವನ್ ಎಂಬ ಪ್ರಾಣಿಶಾಸ್ತ್ರದ ಅಧ್ಯಾಪಕರು 1924ರ ಚಳಿಗಾಲದಲ್ಲಿ ಜಂಕೋ ಎಂಬ ಸಣ್ಣ ಹಕ್ಕಿಗಳನ್ನು ಬಯಲಿನ ಪಂಜರದಲ್ಲಿಟ್ಟು, ಸಂಜೆ ವಿದ್ಯುದ್ದೀಪ ಹಚ್ಚಿ, ದಿನದಿನಕ್ಕೂ ಅವುಗಳ ಹಗಲನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸಿದರು. ನೀರು ಹೆಪ್ಪುಗಟ್ಟುವ ಆ ಚಳಿಯಲ್ಲೂ ಹಕ್ಕಿಗಳ ಸಂತಾನಾಂಗಗಳು ವಸಂತಕಾಲದಲ್ಲಿ ಬೆಳೆಯುವಂತೆ ಬೆಳೆದವು. ಹಕ್ಕಿಗೆ ಕಾಲ ತಿಳಿಸುವುದು ಹಗಲಿನ ಉದ್ದವೇ ಹೊರತು ಬಿಸಿಲಿನ ಕಾವಲ್ಲ ಎಂಬುದು ಇದರಿಂದ ಗೊತ್ತಾಯಿತು. ಮುಂದೆ 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ನಡೆಸಿ, ಕಣ್ಣಿಲ್ಲದ ಹಕ್ಕಿಗಳೂ ಬೆಳಕಿನ ಅವಧಿಗೆ ಸ್ಪಂದಿಸುತ್ತವೆ ಎಂದು ತೋರಿಸಿದರು.

ಬೆಳಕು ತಲೆಬುರುಡೆಯ ತೆಳು ಮೂಳೆಯನ್ನು ಹಾದು ಮಿದುಳಿನ ತಳಭಾಗವನ್ನು ಮುಟ್ಟುತ್ತದೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಸೂಚನೆ ಹೋಗಿ, ಅದು ಸ್ರವಿಸುವ ಹಾರ್ಮೋನುಗಳಿಂದ ಅಂಡಾಶಯ ಎಚ್ಚರಗೊಳ್ಳುತ್ತದೆ. ಹಗಲು ಕುಗ್ಗುತ್ತಾ ಬಂದರೆ ಸೂಚನೆ ಕ್ಷೀಣಿಸುತ್ತದೆ. ಕೋಳಿ ಮೊಟ್ಟೆ ನಿಲ್ಲಿಸಿ, ಹಳೆಯ ಗರಿ ಉದುರಿಸಿ, ಹೊಸ ಗರಿ ಬೆಳೆಸಿಕೊಳ್ಳಲು ತೊಡಗುತ್ತದೆ. ಚೆನ್ನಾಗಿ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆಂಬುದು ಕೋಳಿ ಸಾಕಣೆಯಲ್ಲಿ ಎಲ್ಲರೂ ಒಪ್ಪಿದ ಲೆಕ್ಕ.

ನಮ್ಮ ಸೀಮೆಯ ಹಗಲು

ಲಂಡನ್ನಿನಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಯೂ ಇರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಶಿವಮೊಗ್ಗ-ಭದ್ರಾವತಿಗಳಲ್ಲಿ ವರ್ಷದ ಅತಿ ದೊಡ್ಡ ಹಗಲು 13 ಗಂಟೆಗೆ ತುಸು ಕಡಿಮೆ, ಅತಿ ಸಣ್ಣದು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂಮುಕ್ಕಾಲು ಗಂಟೆಯನ್ನೂ ಮುಟ್ಟುವುದಿಲ್ಲ. ಹೀಗಾಗಿ ಮೊಟ್ಟೆ ಇಳಿದದ್ದಕ್ಕೆಲ್ಲ ಹಗಲು ಸಣ್ಣದಾದದ್ದೇ ಕಾರಣ ಎನ್ನಲಾಗದು. ಕೋಳಿಯ ವಯಸ್ಸು, ಗರಿ ಉದುರುವ ಕಾಲ, ಆಹಾರ, ಹೊಟ್ಟೆಹುಳು ಇವೆಲ್ಲವನ್ನೂ ನೋಡಬೇಕು.

ಆದರೆ ಅಡಿಕೆ ಮರಗಳ ನೆರಳಿನಲ್ಲಿ, ಸೋಗೆ ಹೊದಿಸಿದ ತಗ್ಗು ಗೂಡಿನಲ್ಲಿ, ಮಂಜು ಕವಿದ ಬೆಳಗಿನಲ್ಲಿ ಕೋಳಿಗೆ ದಕ್ಕುವ ಬೆಳಕು ಪಂಚಾಂಗದ ಹಗಲಿಗಿಂತ ಕಡಿಮೆ. ಕೆಲಸದ ಅವಸರದಲ್ಲಿ ಎಂಟು ಗಂಟೆಗೆ ಗೂಡು ತೆಗೆದು ಐದಕ್ಕೇ ಮುಚ್ಚುವ ಮನೆಗಳಲ್ಲಿ ಅದು ಒಂಬತ್ತು ಗಂಟೆಗೆ ಇಳಿಯುತ್ತದೆ. ದೀಪ ಹಾಕುವ ಮೊದಲು ಗೂಡಿನ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದು ಖರ್ಚಿಲ್ಲದ ಉಪಾಯ.

ಯಾವ ಕೋಳಿಗೆ ದೀಪ, ಯಾವುದಕ್ಕೆ ಬೇಡ

ಲೇಯರ್ ಕೋಳಿಗಳಿಗೂ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳಿಗೂ ದೀಪದಿಂದ ಪ್ರಯೋಜನವುಂಟು. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುವ ಸ್ವಭಾವದ್ದು. ಅದಕ್ಕೆ ದೀಪದಿಂದ ಸಿಗುವ ಲಾಭ ಅಲ್ಪ.

ಎಳೆಯ ಕೋಳಿಗಳಿಗೆ 20 ವಾರ ತುಂಬುವ ಮೊದಲು ದೀಪ ಹಾಕಲೇಬಾರದು. ಇದನ್ನು ನಾನು ನಷ್ಟಪಟ್ಟು ಕಲಿತೆ. ಒಮ್ಮೆ ಮೂರೂವರೆ ತಿಂಗಳ ಮರಿಗಳಿಗೆ ಆತುರಪಟ್ಟು ದೀಪ ಹಾಕಿದೆ. ಅವು ಬೇಗ ಮೊಟ್ಟೆಗೆ ಬಂದವು ನಿಜ. ಮೊಟ್ಟೆಗಳು ನಿಂಬೆಹಣ್ಣಿನ ಗಾತ್ರದವು. ಮೈ ಬಲಿಯದ ಎರಡು ಕೋಳಿಗಳಿಗೆ ಮೊಟ್ಟೆದಾರಿ ಹೊರಬಂದು, ಉಳಿದವು ಅದನ್ನು ಕುಕ್ಕಿ ಕೊಂದವು.

ಮೊಟ್ಟೆ ನಿಲ್ಲಿಸಿದ ಕೋಳಿಯನ್ನು ಮಾರುವ ಮುನ್ನ ಪರೀಕ್ಷಿಸಬೇಕು. ಮೊಟ್ಟೆದ್ವಾರದ ಕೆಳಗಿನ ಎರಡು ಮೂಳೆತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಅದು ಮೊಟ್ಟೆಯಲ್ಲಿದೆ. ಒಂದೇ ಬೆರಳು ಹಿಡಿಸಿ, ಜುಟ್ಟು ಬಿಳುಚಿ ಸುಕ್ಕಾಗಿದ್ದರೆ ಮೊಟ್ಟೆ ನಿಲ್ಲಿಸಿದೆ. ರೆಕ್ಕೆಯಲ್ಲಿ ಹೊಸ ಗರಿಯ ಮೊಳಕೆಗಳು ಕಂಡರೆ ಅದು ವಿಶ್ರಾಂತಿಯಲ್ಲಿರುವ ಕೋಳಿ. ಅಂಥದ್ದನ್ನು ತೂಕಕ್ಕೆ ಹಾಕುವುದು ಚಿಗುರಲು ನಿಂತ ಗಿಡವನ್ನು ಕಡಿದಂತೆ.

ದೀಪ ಹಾಕುವ ಕ್ರಮ

ದೀಪವನ್ನು ಸಂಜೆಗಿಂತ ಬೆಳಗಿನ ಜಾವ ಹಾಕುವುದು ಮೇಲು. ಸಂಜೆ ದೀಪ ಒಮ್ಮೆಲೇ ಆರಿದರೆ ಕೋಳಿಗಳು ಕೂರುವ ಕೋಲನ್ನು ಹತ್ತಲಾಗದೆ ಕತ್ತಲಲ್ಲಿ ನೆಲದ ಮೇಲೆ ಮುದುಡಿಕೊಳ್ಳುತ್ತವೆ. ಬೆಳಗ್ಗೆ ಹಾಕಿದ ದೀಪ ಸೂರ್ಯನ ಬೆಳಕಿನಲ್ಲಿ ಬೆರೆತುಹೋಗುತ್ತದೆ.

ಅಕ್ಟೋಬರ್ ಮೊದಲ ವಾರ 5.45ಕ್ಕೆ ಆರಂಭಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತರುತ್ತಾ ನವೆಂಬರ್ ಮೊದಲ ವಾರಕ್ಕೆ 4 ಗಂಟೆಗೆ ತರಬೇಕು. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯೋದಯ 6.45ರ ಸುಮಾರಿಗೆ, ಸೂರ್ಯಾಸ್ತ 6.05ರ ಸುಮಾರಿಗೆ. ಬೆಳಗ್ಗೆ 4ರಿಂದ 7ರ ತನಕ ದೀಪವಿದ್ದರೆ ಹದಿನಾಲ್ಕು ಗಂಟೆಯ ಹಗಲು ತಾನಾಗಿ ಪೂರ್ತಿಯಾಗುತ್ತದೆ. ಫಲ ಕಾಣಲು ಎರಡು ಮೂರು ವಾರ ಬೇಕು.

ಒಂದು ದಿನ ಹಾಕಿ ಒಂದು ದಿನ ಮರೆಯುವುದಕ್ಕಿಂತ ಹಾಕದಿರುವುದೇ ವಾಸಿ. ಆದ್ದರಿಂದ ಟೈಮರ್ ಸ್ವಿಚ್ ಅಗತ್ಯ. ಕರೆಂಟು ಕೈಕೊಡುವ ಊರುಗಳಲ್ಲಿ ಬ್ಯಾಟರಿ ಇರುವ ಬಲ್ಬು ಉಪಯೋಗಕ್ಕೆ ಬರುತ್ತದೆ. ಮೊಟ್ಟೆ ಬರತೊಡಗಿತೆಂದು ದೀಪ ತೆಗೆದರೆ ನಮ್ಮ ಚಪ್ಪರದ ಕೋಳಿಗಳ ಗತಿಯೇ ಆಗುತ್ತದೆ. ಒಮ್ಮೆ ಹಾಕಿದ ದೀಪ ಮಳೆಗಾಲದ ಮಬ್ಬಿನಲ್ಲೂ ಉರಿಯಲಿ. ಕೋಳಿಗೆ ವಿಶ್ರಾಂತಿ ಕೊಡಬೇಕೆನಿಸಿದಾಗ ವಾರಕ್ಕೆ ಅರ್ಧ ಗಂಟೆಯಂತೆ ಕಡಿಮೆ ಮಾಡುತ್ತಾ ನಿಲ್ಲಿಸಬಹುದು. ಇಡೀ ರಾತ್ರಿ ದೀಪ ಬೇಡ. ಕೋಳಿಗೂ ಎಂಟು ಗಂಟೆಯ ಕತ್ತಲು ಬೇಕು.

ಕೋಳಿ ನಿಂತ ಎತ್ತರದಲ್ಲಿ ದಿನಪತ್ರಿಕೆಯ ಅಕ್ಷರ ಓದುವಷ್ಟು ಬೆಳಕು ಸಾಕು. ನೂರು ಚದರ ಅಡಿಯ ಗೂಡಿಗೆ ಏಳಡಿ ಎತ್ತರದಲ್ಲಿ ಹಳದಿ ಛಾಯೆಯ 5 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಸಾಲುತ್ತದೆ. ದಿನಕ್ಕೆ ಮೂರು ಗಂಟೆಯಂತೆ ವರ್ಷಪೂರ್ತಿ ಉರಿದರೂ ಐದೂವರೆ ಯೂನಿಟ್. ಹಿಂದಿನ 40 ವ್ಯಾಟಿನ ಬಲ್ಬಾಗಿದ್ದರೆ ಸುಮಾರು 44 ಯೂನಿಟ್ ಆಗುತ್ತಿತ್ತು.

ಬೆಂಕಿಯ ಎಚ್ಚರಿಕೆ

ನಮ್ಮ ಗೂಡುಗಳ ಮೇಲೆ ಸೋಗೆ, ಕೆಳಗೆ ಭತ್ತದ ಹೊಟ್ಟು. ಎರಡೂ ಕಿಡಿಗೆ ಕಾದಿರುವಂಥವು. ಬಿಡಿ ವೈರನ್ನು ಕಿಟಕಿಯಿಂದ ಎಳೆದು ಬಲ್ಬು ನೇತುಹಾಕಬಾರದು. ವೈರು ಪೈಪಿನೊಳಗೆ ಇರಲಿ. ಇಲಿ ಕಡಿಯದಂತೆ, ಕೋಳಿ ಹಾರಿ ತಾಗದಂತೆ ಇರಲಿ. ಬಲ್ಬಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರೆಸಬೇಕು. ಚಳಿಗೆಂದು ದೊಡ್ಡ ಬಲ್ಬು ಹಾಕುವ ಅಗತ್ಯ ನಮ್ಮ ಸೀಮೆಯಲ್ಲಿಲ್ಲ. ಬೆಳೆದ ಕೋಳಿ ಸೆಕೆಗಿಂತ ಚಳಿಯನ್ನೇ ಚೆನ್ನಾಗಿ ತಡೆಯುತ್ತದೆ.

ದೀಪ ಆಹಾರವಲ್ಲ

ದೀಪ ಮೊಟ್ಟೆಯಿಡು ಎಂದು ಹೇಳಬಲ್ಲದು, ಮೊಟ್ಟೆಗೆ ಬೇಕಾದ ಸಾಮಗ್ರಿ ಕೊಡಲಾರದು. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ಗದ್ದೆ ಕೊಯ್ಲಾದ ಮೇಲೆ ಕೋಳಿಗಳು ಉದುರಿದ ಭತ್ತ ಆಯ್ದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ನೋಡುವವರಿಗೆ ತೃಪ್ತಿ; ಆದರೆ ಕಾಳಿನಲ್ಲಿ ಪ್ರೋಟೀನ್ ಸಾಲದು, ಮಳೆ ನಿಂತ ಮೇಲೆ ಹುಳುಹುಪ್ಪಟೆಯೂ ಕಡಿಮೆ. ದಿನಕ್ಕೆ ನೂರು ನೂರಹತ್ತು ಗ್ರಾಂ ಲೇಯರ್ ಆಹಾರ, ಬೇರೆ ತಟ್ಟೆಯಲ್ಲಿ ಚಿಪ್ಪಿನ ಚೂರು, ದೀಪ ಹಾಕಿದ ಹೊತ್ತಿನಿಂದಲೇ ಶುದ್ಧ ನೀರು ಒದಗಿಸಬೇಕು. ಆಹಾರ ಹೆಚ್ಚಿಸದೆ ದೀಪ ಮಾತ್ರ ಹೆಚ್ಚಿಸಿದರೆ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ.

ಆ ತಾಯಿಯ ಕೋಳಿಗಳು

ಭದ್ರಾವತಿಯ ಆ ಮನೆಗೆ ಹೋಗಿ ಒಂದೊಂದೇ ಕೋಳಿಯನ್ನು ಹಿಡಿದು ನೋಡಿದೆವು. ನಾಲ್ಕು ಸೊರಗಿದ್ದವು, ಅವನ್ನು ಮಾರಿದರು. ಉಳಿದ ಇಪ್ಪತ್ತರಲ್ಲಿ ಹೆಚ್ಚಿನವು ಹೊಸ ಗರಿ ಹೊರಡಿಸುತ್ತಿದ್ದವು. ಅವರು ಜಂತುಹುಳುವಿಗೆ ಔಷಧಿ ಕುಡಿಸಿದರು, ಭತ್ತದ ಜೊತೆಗೆ ಲೇಯರ್ ಆಹಾರ ಆರಂಭಿಸಿದರು, ದೀಪವನ್ನು ಕ್ರಮವಾಗಿ ನಾಲ್ಕು ಗಂಟೆಗೆ ತಂದರು. ಜನವರಿ ಕೊನೆಗೆ ದಿನಕ್ಕೆ ಹತ್ತು ಮೊಟ್ಟೆ ಸಿಗತೊಡಗಿತು. ಇದರಲ್ಲಿ ದೀಪದ ಪಾಲೆಷ್ಟು, ಆಹಾರದ ಪಾಲೆಷ್ಟು, ಗರಿ ಬಂದು ಮುಗಿದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಆ ವ್ಯಾಪಾರಿಗೆ ಅಂದೇ ಎಲ್ಲವನ್ನೂ ಕೊಟ್ಟಿದ್ದರೆ ಹತ್ತು ಮೊಟ್ಟೆಯೂ ಇರುತ್ತಿರಲಿಲ್ಲ, ಕಂತು ಕಟ್ಟುವ ದಾರಿಯೂ ಇರುತ್ತಿರಲಿಲ್ಲ ಎಂಬುದಂತೂ ನಿಶ್ಚಯ.

ಈ ಚಳಿಗಾಲದಲ್ಲಿ ದೀಪ ಹಾಕಿ ನೋಡುವ ಸದಸ್ಯರು ಕೋಳಿಗಳ ಸಂಖ್ಯೆ, ವಯಸ್ಸು, ದೀಪ ಹಾಕಿದ ದಿನ ಮತ್ತು ದಿನದ ಮೊಟ್ಟೆಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಕಚೇರಿಗೆ ತಿಳಿಸಬೇಕಾಗಿ ಕೋರಿಕೆ. ಹತ್ತು ಮನೆಗಳ ಲೆಕ್ಕ ಸೇರಿದರೆ ನಮ್ಮ ಸೀಮೆಗೆ ಹೊಂದುವ ಕ್ರಮ ನಮಗೇ ಸಿಗುತ್ತದೆ.

— ಕಾರ್ಯದರ್ಶಿ