ಟೇಬಲ್ ಗರಗಸ: ಅಪಘಾತವನ್ನು ತಡೆಯುವ ಕೆಲಸ ಸ್ಥಾಪನೆಯ ದಿನವೇ ಆರಂಭ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಮರಗೆಲಸ ಹೊಸದೇನಲ್ಲ. 19ನೆಯ ಶತಮಾನದಲ್ಲಿ ಹುಣಸೂರಿನಲ್ಲಿದ್ದ ಸೇನಾ ಸರಬರಾಜು ಇಲಾಖೆಯ ಕಾರ್ಯಾಗಾರಗಳ ಪ್ರಭಾವದಿಂದ ಅಲ್ಲಿನ ಎತ್ತಿನ ಗಾಡಿಗಳು ಹೆಸರು ಮಾಡಿದ್ದವು. ಇಂದು ಇದೇ ಭಾಗದ ಸಣ್ಣ ಘಟಕಗಳು ನೆರೆಯ ಕೊಡಗಿನ ತೋಟಗಳ ಸಿಲ್ವರ್ ಓಕ್, ಪರವಾನಗಿ ಪಡೆದ ತೇಗ, ಮಾವು ಮುಂತಾದ ಮರಗಳಿಂದ ಬಾಗಿಲು, ಚೌಕಟ್ಟು, ಮಂಚ ಮತ್ತು ಪ್ಯಾಕಿಂಗ್ ಪೆಟ್ಟಿಗೆಗಳನ್ನು ತಯಾರಿಸುತ್ತಿವೆ. ಇಂತಹ ಘಟಕದ ಮುಖ್ಯ ಯಂತ್ರವೇ ಟೇಬಲ್ ಗರಗಸ.

ಬೆರಳು ಕತ್ತರಿಸಿಹೋದಾಗ ದೂರು ಸಾಮಾನ್ಯವಾಗಿ ಕೆಲಸಗಾರನ ಅಜಾಗರೂಕತೆಯ ಮೇಲೆ ಬೀಳುತ್ತದೆ. ಇದು ಅರ್ಧ ಸತ್ಯ. ಬ್ಲೇಡಿಗೆ ಸಮಾಂತರವಾಗಿಲ್ಲದ ಫೆನ್ಸ್, ಕಳಚಿಟ್ಟ ರಕ್ಷಣಾ ಕವಚ, ಸ್ಟಾರ್ಟರ್ ಇಲ್ಲದೆ ನೇರವಾಗಿ ಕೊಟ್ಟ ವಿದ್ಯುತ್ ಸಂಪರ್ಕ ಇವೆಲ್ಲ ಯಂತ್ರವನ್ನು ಕೂರಿಸುವಾಗಲೇ ಉಳಿದುಹೋದ ದೋಷಗಳು. ಇವನ್ನು ಸರಿಪಡಿಸುವ ಅಧಿಕಾರ ಬಡಗಿಗಿಲ್ಲ, ಮಾಲೀಕರಿಗಿದೆ.

ಯಂತ್ರವನ್ನು ಗಟ್ಟಿ ನೆಲದ ಮೇಲೆ ಬೋಲ್ಟ್ ಹಾಕಿ ಬಿಗಿದು, ರಸಮಟ್ಟದಿಂದ ಮೇಜಿನ ಮಟ್ಟ ನೋಡಬೇಕು. ಅನಂತರದ್ದು ಬ್ಲೇಡಿನ ನೇರ. ಮೊದಲು ಮೈನ್ ಸ್ವಿಚ್ ಆರಿಸಿ ಫ್ಯೂಸ್ ಕಿತ್ತಿಡಬೇಕು. ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಿ, ಅದು ಮುಂಭಾಗದಲ್ಲಿರುವಾಗ ಮೇಜಿನ ಉದ್ದನೆಯ ತೋಡಿನಿಂದ ಅದಕ್ಕಿರುವ ದೂರವನ್ನು ಅಳೆಯಬೇಕು. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು ಮತ್ತೊಮ್ಮೆ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸ 0.1 ಮಿ.ಮೀ. ಮೀರದಿರುವುದು ಲೇಸು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮೋಟಾರ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಸಾಕು. ಫೆನ್ಸ್ ಕೂಡ ಅದೇ ತೋಡಿಗೆ ಸಮಾಂತರವಾಗಿರಬೇಕು. ಅದರ ಹಿಂತುದಿ ಬ್ಲೇಡಿನಿಂದ ಕೂದಲೆಳೆಯಷ್ಟು ದೂರ ಸರಿದಿದ್ದರೆ ಚಿಂತೆಯಿಲ್ಲ, ಬ್ಲೇಡಿನ ಕಡೆಗೆ ವಾಲಿರಕೂಡದು. ವಾಲಿದ್ದರೆ ಹಲಗೆ ಎರಡರ ನಡುವೆ ಸಿಕ್ಕಿ, ಹಿಂಭಾಗದ ಹಲ್ಲುಗಳು ಅದನ್ನೆತ್ತಿ ಕೆಲಸಗಾರನ ಮೇಲೆಯೇ ಎಸೆಯುತ್ತವೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ.

ಎಸೆತದ ರಭಸವನ್ನು ಲೆಕ್ಕ ಹಾಕಿ ನೋಡಬಹುದು. 1440 ಸುತ್ತಿನ ಮೋಟಾರಿಗೆ 6 ಅಂಗುಲದ ಪುಲ್ಲಿ, ಬ್ಲೇಡಿನ ಶಾಫ್ಟಿಗೆ 3 ಅಂಗುಲದ ಪುಲ್ಲಿ ಹಾಕಿದರೆ ಬ್ಲೇಡು ನಿಮಿಷಕ್ಕೆ 2880 ಸುತ್ತು ತಿರುಗುತ್ತದೆ. 300 ಮಿ.ಮೀ. ಬ್ಲೇಡಿನ ಅಂಚಿನ ವೇಗ ಆಗ ಸೆಕೆಂಡಿಗೆ ಸುಮಾರು 45 ಮೀಟರ್, ಎಂದರೆ ಗಂಟೆಗೆ 160 ಕಿ.ಮೀ.ಗೂ ಅಧಿಕ. ಕೆಲಸ ಬೇಗ ಸಾಗಲೆಂದು ಮೋಟಾರಿಗೆ 8 ಅಂಗುಲದ ಪುಲ್ಲಿ ಹಾಕಿದರೆ ಸುತ್ತು 3840ಕ್ಕೆ ಏರುತ್ತದೆ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತನ್ನು ಓದದೆ ಪುಲ್ಲಿ ಬದಲಿಸುವುದು ಅವಿವೇಕ.

ಕಿಕ್‌ಬ್ಯಾಕ್ ತಡೆಯಲು ಬ್ಲೇಡಿನ ಹಿಂದೆ 3ರಿಂದ 8 ಮಿ.ಮೀ. ಅಂತರದಲ್ಲಿ ನಿಲ್ಲಿಸುವ ಉಕ್ಕಿನ ತಗಡಿಗೆ ರೈವಿಂಗ್ ನೈಫ್ ಎನ್ನುತ್ತಾರೆ. ಅದು ಬ್ಲೇಡಿನ ಒಡಲಿಗಿಂತ ದಪ್ಪವಾಗಿಯೂ, ಹಲ್ಲು ಕೊರೆಯುವ ಸೀಳಿಗಿಂತ ತೆಳುವಾಗಿಯೂ ಇರಬೇಕು. ಸರಿಯಾಗಿ ಒಣಗದ ಸಿಲ್ವರ್ ಓಕ್ ಸೀಳುವಾಗ ಎರಡು ಹೋಳುಗಳು ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯುವ ಸಂಭವವಿರುವುದರಿಂದ ಈ ಭಾಗದ ಘಟಕಗಳಿಗೆ ಇದು ಅತ್ಯವಶ್ಯ. ಸ್ಥಳೀಯವಾಗಿ ಆಂಗಲ್ ಬೆಸೆದು ಮಾಡಿಸಿದ ಮೇಜುಗಳಲ್ಲಿ ಬಹುಮಟ್ಟಿಗೆ ಇಲ್ಲದಿರುವುದೂ ಇದೇ. ಲೇತ್ ಅಂಗಡಿಯಲ್ಲಿ ಮಾಡಿಸಿದರೆ ತಗಲುವ ವೆಚ್ಚ ಒಂದು ಉತ್ತಮ ಕಾರ್ಬೈಡ್ ಬ್ಲೇಡಿನ ಬೆಲೆಯೆದುರು ದೊಡ್ಡದಲ್ಲ.

ಗ್ರಾಮಾಂತರ ಘಟಕಗಳಲ್ಲಿ ಇನ್ನೊಂದು ಅಪಾಯ ವಿದ್ಯುತ್ತಿನದು. ಸೀಳುವಾಗಲೇ ವಿದ್ಯುತ್ ನಿಂತು, ಸಿಕ್ಕಿಕೊಂಡ ಹಲಗೆಯನ್ನು ಬಿಡಿಸಲು ಕೈ ಹಾಕಿರುವಾಗ ಮರಳಿ ಬಂದರೆ ನೇರ ಸ್ವಿಚ್ಚಿನ ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ನೋ-ವೋಲ್ಟ್ ಕಾಯಿಲ್ ಇರುವ ಡಿ.ಓ.ಎಲ್. ಸ್ಟಾರ್ಟರ್ ಇದ್ದಲ್ಲಿ ಹಸಿರು ಗುಂಡಿ ಒತ್ತುವವರೆಗೆ ಮೋಟಾರ್ ಚಾಲೂ ಆಗದು. ಕಾಯಿಲ್ ಹಿಡಿಯುತ್ತಿಲ್ಲವೆಂದು ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸುವ ರೂಢಿ ನಿಲ್ಲಬೇಕು. ಟ್ರಾನ್ಸ್‌ಫಾರ್ಮರ್ ಅಥವಾ ಲೈನ್ ದುರಸ್ತಿಯ ಬಳಿಕ ಮೂರು ಫೇಸುಗಳ ಕ್ರಮ ಅದಲುಬದಲಾಗುವುದೂ ಉಂಟು. ಆಗ ಬ್ಲೇಡು ಹಿಮ್ಮುಖವಾಗಿ ತಿರುಗಿ, ಮುಂಭಾಗದ ಹಲ್ಲುಗಳು ಹಲಗೆಯನ್ನು ಮೇಲಕ್ಕೆತ್ತುತ್ತವೆ. ಬ್ಲೇಡಿನ ನಟ್ಟೂ ಸಡಿಲಗೊಳ್ಳಬಹುದು. ದುರಸ್ತಿಯಾದ ದಿನ ಮರ ಇಡುವ ಮುನ್ನ ಗುಂಡಿಯನ್ನು ಕ್ಷಣಮಾತ್ರ ಒತ್ತಿ ತಿರುಗುವ ದಿಕ್ಕನ್ನು ನೋಡಬೇಕು. ಫೇಸ್ ಪ್ರಿವೆಂಟರ್ ಅಳವಡಿಸಿದರೆ ಇನ್ನೂ ಉತ್ತಮ.

ಕೆಲಸದ ವೇಳೆ ಬ್ಲೇಡು ಹಲಗೆಗಿಂತ ಹಲ್ಲಿನ ಎತ್ತರದಷ್ಟು ಮಾತ್ರ ಮೇಲಿದ್ದರೆ ಸಾಕು. ಕೆಲಸಗಾರ ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕಿರಿದಾದ ತುಂಡಿಗೆ ತಳ್ಳುಕೋಲನ್ನೇ ಬಳಸಬೇಕು. ಕೈಗವಸು ರಕ್ಷಣೆಯೆಂಬ ನಂಬಿಕೆ ಇಲ್ಲಿ ತಪ್ಪು. ಅದರ ನೂಲು ಹಲ್ಲಿಗೆ ಸಿಕ್ಕರೆ ಕೈಯನ್ನೇ ಒಳಗೆಳೆಯುತ್ತದೆ. ಹೆಗಲ ಮೇಲಿನ ಟವೆಲ್ಲಿಗೂ ಇದೇ ಮಾತು. ಎದುರು ನಿಂತ ಸಹಾಯಕ ಹಲಗೆಗೆ ಆಸರೆ ಕೊಡಬೇಕೇ ಹೊರತು ಎಳೆಯಬಾರದು. ಅವನು ಎಳೆದರೆ ತಳ್ಳುತ್ತಿರುವವನ ಕೈ ಬ್ಲೇಡಿನತ್ತ ಜಾರುತ್ತದೆ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ, ಮುಖಕವಚವನ್ನು ಕಡೆಗಣಿಸುವಂತಿಲ್ಲ.

ಅಮೆರಿಕದಲ್ಲಿ ಸ್ಟೀವ್ ಗ್ಯಾಸ್ ಎಂಬುವರು 1999ರಲ್ಲಿ ರೂಪಿಸಿದ, ಚರ್ಮ ತಾಗಿದೊಡನೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುವ ತಂತ್ರ ಸಾಸ್ಟಾಪ್ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ. ತಾಲ್ಲೂಕು ಮಟ್ಟದ ಘಟಕಕ್ಕೆ ಅದು ಸದ್ಯಕ್ಕೆ ದೂರದ ಮಾತು.

ಹತ್ತಿರದ ಮಾತು ಪರಿಹಾರದ್ದು. 1923ರ ಪರಿಹಾರ ಕಾಯ್ದೆಯ ಪಟ್ಟಿ ಹೆಬ್ಬೆರಳಿನ ನಷ್ಟವನ್ನು ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರ ನಷ್ಟವೆಂದೂ, ಒಂದೇ ಕೈಯ ನಾಲ್ಕು ಬೆರಳುಗಳದ್ದನ್ನು ಶೇ. 50 ಎಂದೂ ಎಣಿಸಿತ್ತು. ಬಡಗಿಯ ಪಾಲಿಗೆ ಈ ಲೆಕ್ಕ ತೀರ ಕಡಿಮೆಯೆಂಬುದು ಬೇರೆ ವಿಷಯ. ಆ ಕಾಯ್ದೆಯ ವಿಷಯಗಳು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿವೆ, ಇ.ಎಸ್.ಐ. ವ್ಯಾಪ್ತಿಗೆ ಬಾರದ ಘಟಕದಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಇದೆ. ಹೊಸದಾಗಿ ಗರಗಸ ಕೊಳ್ಳುವವರು ಮರ ಆಧಾರಿತ ಕೈಗಾರಿಕೆಗಳ ಕುರಿತ 2016ರ ಕೇಂದ್ರ ಮಾರ್ಗಸೂಚಿಯನ್ನೂ ಗಮನಿಸಬೇಕು. ಬ್ಲೇಡಿನ ಗಾತ್ರ ಹಾಗೂ ಸೀಳುವುದು ದಿಮ್ಮಿಯೋ ಹಲಗೆಯೋ ಎಂಬುದನ್ನು ತಿಳಿಸಿ, ಪರವಾನಗಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ವಿಭಾಗ ಕಚೇರಿಯಲ್ಲಿ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳುವುದು ಕ್ಷೇಮ.