ಕೆ2 ಶಿಖರದ ಸಾಲಿನಲ್ಲೊಂದು ಬೆಚ್ಚನೆಯ ದ್ವೀಪ

ಭೂಪಟದಲ್ಲಿ ಕೆ2 ಶಿಖರದ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆದುಕೊಂಡು ಹೋಗಿ. ಅಫ್ಘಾನಿಸ್ತಾನ, ಇರಾನ್, ಇರಾಕ್, ಸಿರಿಯಾ ದಾಟಿ ಮೆಡಿಟರೇನಿಯನ್ ಸಮುದ್ರಕ್ಕಿಳಿದ ಬೆರಳು ಅದರ ನಟ್ಟನಡುವೆ ಒಂದು ಚುಕ್ಕೆಯನ್ನು ಮುಟ್ಟುತ್ತದೆ. ಅದು ಮಾಲ್ಟಾ. 8,611 ಮೀಟರ್ ಎತ್ತರದ ಆ ಹಿಮಶಿಖರವೂ ಈ ದ್ವೀಪದ ರಾಜಧಾನಿ ವಲೆಟ್ಟಾವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಉತ್ತರಕ್ಕೆ ಸುಮಾರು 35.9 ಡಿಗ್ರಿ. ಆದರೂ ಜನವರಿಯ ಮಧ್ಯಾಹ್ನ ವಲೆಟ್ಟಾದ ಕಡಲಕಟ್ಟೆಯ ಮೇಲೆ ಮಕ್ಕಳು ತೆಳು ಸ್ವೆಟರ್ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಾ ಓಡಾಡಬಹುದು. ಆ ತಿಂಗಳ ಹಗಲಿನ ಉಷ್ಣಾಂಶ ಸರಾಸರಿ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ರಾತ್ರಿ 9-10 ಡಿಗ್ರಿ.

ಕೆ2 ಎತ್ತರದಲ್ಲಿದೆ, ಅದಕ್ಕೇ ಚಳಿ ಎನ್ನಬಹುದು. ನಿಜ. ಆದರೆ ಚೀನಾದ ಕಿಂಗ್ಡಾವ್ ನಗರವೂ ಇದೇ ಸಾಲಿನಲ್ಲಿದೆ, ಅದೂ ಕಡಲತೀರದಲ್ಲೇ. ಅಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಶೂನ್ಯದ ಹತ್ತಿರ ಸುಳಿಯುತ್ತದೆ. ಅಂದರೆ ಎತ್ತರವೊಂದೇ ಉತ್ತರವಲ್ಲ, ಪಕ್ಕದಲ್ಲಿ ಸಮುದ್ರ ಇದ್ದರಷ್ಟೇ ಸಾಲದು. ಲಂಡನ್, ಮ್ಯೂನಿಕ್, ಸ್ಟಾಕ್‌ಹೋಮ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕ್ರಿಸ್‌ಮಸ್ ರಜೆಯಲ್ಲಿ ಬಿಸಿಲು ಹುಡುಕಿಕೊಂಡು ಮಾಲ್ಟಾದಂಥ ಜಾಗಕ್ಕೆ ಹೊರಟಾಗ, ಆ ಬಿಸಿಲು ಅಲ್ಲಿಗೆ ಹೇಗೆ ಬಂತು ಎಂದು ಮಕ್ಕಳಿಗೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಮಾಲ್ಟಾ, ಗೋಜೊ ಮತ್ತು ಪುಟ್ಟ ದ್ವೀಪಗಳೆಲ್ಲ ಸೇರಿ ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್ ಅಷ್ಟೆ.

ಮೊದಲು ನೆರಳು ಅಳೆಯಿರಿ. ಡಿಸೆಂಬರ್ 21ರ ನಡುಹಗಲು ಮಾಲ್ಟಾದಲ್ಲಿ ಸೂರ್ಯ ದಿಗಂತದಿಂದ ಮೇಲೇರುವುದು ಸುಮಾರು 31 ಡಿಗ್ರಿ ಮಾತ್ರ. ನಾಲ್ಕಡಿ ಎತ್ತರದ ಮಗುವಿನ ನೆರಳು ಆಗ ಆರೂಮುಕ್ಕಾಲು ಅಡಿ ಚಾಚಿಕೊಳ್ಳುತ್ತದೆ. ಅದೇ ದಿನ ಅದೇ ಎತ್ತರದ ಮಗು ಬೆಂಗಳೂರಿನಲ್ಲಿ ನಿಂತರೆ ನೆರಳು ಮೂರಡಿ, ಲಂಡನ್ನಿನಲ್ಲಿ ಹದಿನೈದು ಅಡಿ. ಸೂರ್ಯ ಕೆಳಗಿದ್ದಷ್ಟೂ ಅದೇ ಕಿರಣ ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ಲೆಕ್ಕ ಹಾಕಿದರೆ ಆ ಮಧ್ಯಾಹ್ನ ಲಂಡನ್ನಿನ ನೆಲಕ್ಕೆ ಬೀಳುವುದರ ಎರಡರಷ್ಟು ಬಿಸಿಲು ಮಾಲ್ಟಾದ ನೆಲಕ್ಕೆ ಬೀಳುತ್ತದೆ. ಹಗಲೂ ಸುಮಾರು 9 ಗಂಟೆ 40 ನಿಮಿಷ, ಲಂಡನ್ನಿನದಕ್ಕಿಂತ ಎರಡು ಗಂಟೆಯಷ್ಟು ಉದ್ದ. ಆದರೂ ಇದು ಎಳೆ ಬಿಸಿಲು. ದ್ವೀಪವನ್ನು ಬೆಚ್ಚಗಿಡುವಷ್ಟು ಕಸುವು ಇದಕ್ಕಿಲ್ಲ. ಆ ಕೆಲಸ ಮಾಡುತ್ತಿರುವುದು ಆರು ತಿಂಗಳ ಹಿಂದಿನ ಬಿಸಿಲು, ಸಮುದ್ರದೊಳಗೆ ಕೂಡಿಟ್ಟದ್ದು.

ಒಲೆ ಆರಿದ ಎಷ್ಟೋ ಹೊತ್ತಿನ ಮೇಲೂ ಬಚ್ಚಲ ಹಂಡೆಯ ನೀರು ಬೆಚ್ಚಗಿರುವುದನ್ನು ಹಳ್ಳಿಮನೆ ಕಂಡವರೆಲ್ಲ ಬಲ್ಲರು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ, ಅಷ್ಟೇ ತೂಕದ ಕಲ್ಲಿಗೆ ಬೇಕಾದುದರ ಐದು ಪಟ್ಟು. ಜೊತೆಗೆ ಬಿಸಿಲು ನೆಲದೊಳಗೆ ಇಳಿಯುವುದು ಗೇಣುಗಳ ಲೆಕ್ಕದಲ್ಲಾದರೆ, ನೀರಿನಲ್ಲಿ ಗಾಳಿ-ಅಲೆಗಳು ಕಲಕಿ ಕಲಕಿ ಆ ಶಾಖವನ್ನು ಹತ್ತಾರು ಮೀಟರ್ ಆಳಕ್ಕೆ ಇಳಿಸುತ್ತವೆ. ಆಗಸ್ಟ್‌ನಲ್ಲಿ ಮಾಲ್ಟಾದ ಸುತ್ತಲಿನ ಕಡಲ ಮೇಲ್ಮೈ 26 ಡಿಗ್ರಿಯಷ್ಟು ಬಿಸಿ. ಚಳಿಗಾಲ ಬಂದಂತೆ ಆ ಶಾಖವನ್ನು ಕಡಲು ಸ್ವಲ್ಪಸ್ವಲ್ಪವೇ ಗಾಳಿಗೆ ಬಿಟ್ಟುಕೊಡುತ್ತದೆ. ಫೆಬ್ರವರಿಯ ಕೊನೆಗೂ 15 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹೀಗಾಗಿ ಕ್ರಿಸ್‌ಮಸ್ ಹೊತ್ತಿನ ಸಮುದ್ರ ಏಪ್ರಿಲ್ ತಿಂಗಳ ಸಮುದ್ರಕ್ಕಿಂತ ತುಸು ಬೆಚ್ಚಗಿರುತ್ತದೆ. ಕೇಳಲು ವಿಚಿತ್ರವೆನಿಸಿದರೂ ನೀರಿಗಿಳಿದರೆ ಗೊತ್ತಾಗುತ್ತದೆ.

ಕಿಂಗ್ಡಾವ್‌ಗೂ ಸಮುದ್ರವಿದೆಯಲ್ಲ? ಅದಕ್ಕೆ ಒಂದೇ ಮಗ್ಗುಲಲ್ಲಿ. ಇನ್ನೊಂದು ಮಗ್ಗುಲಿಂದ ಸೈಬೀರಿಯಾದ ಒಣ ಶೀತಗಾಳಿ ನೆಲದ ಮೇಲೆಯೇ ಹಾದು ಬರುತ್ತದೆ. ಮಾಲ್ಟಾಕ್ಕೆ ಯಾವ ದಿಕ್ಕಿನ ಗಾಳಿಯಾದರೂ ಕಡಲು ದಾಟಿಯೇ ಬರಬೇಕು. ಅತಿ ಹತ್ತಿರದ ಸಿಸಿಲಿ ಕೂಡ ಸುಮಾರು 90 ಕಿಲೋಮೀಟರ್ ದೂರ. ಉತ್ತರದ ಕೊರೆವ ಗಾಳಿಗೆ ಆಲ್ಪ್ಸ್ ಪರ್ವತಗಳೂ ಒಂದಿಷ್ಟು ಅಡ್ಡ ನಿಂತಿವೆ.

ಮೆಡಿಟರೇನಿಯನ್ ಹೀಗೆ ಬೆಚ್ಚಗಿರಲು ಇನ್ನೊಂದು ಕಾರಣ ಅದರ ಬಾಗಿಲಲ್ಲಿದೆ. ಅಟ್ಲಾಂಟಿಕ್ ಸಾಗರದೊಂದಿಗೆ ಅದನ್ನು ಜೋಡಿಸುವ ಜಿಬ್ರಾಲ್ಟರ್ ಜಲಸಂಧಿ ಅತಿ ಕಿರಿದಾದಲ್ಲಿ 14 ಕಿಲೋಮೀಟರ್ ಅಗಲ. ಅಲ್ಲಿ ಕಡಲತಳದಲ್ಲೊಂದು ದಿಬ್ಬವಿದೆ, ಅದರ ಮೇಲಿನ ನೀರು 300 ಮೀಟರ್‌ಗಿಂತ ಆಳವಿಲ್ಲ. ಧ್ರುವಗಳ ಕಡೆಯಿಂದ ಸಾಗರದ ತಳದಲ್ಲಿ ಹರಿದು ಬರುವ ಕೊರೆಯುವ ನೀರು ಈ ಹೊಸ್ತಿಲನ್ನು ದಾಟಲಾರದು. ಅಟ್ಲಾಂಟಿಕ್‌ನಲ್ಲಿ ಎರಡು-ಮೂರು ಸಾವಿರ ಮೀಟರ್ ಆಳದ ನೀರು 2ರಿಂದ 4 ಡಿಗ್ರಿ ಇದ್ದರೆ, ಮೆಡಿಟರೇನಿಯನ್‌ನಲ್ಲಿ ಅಷ್ಟೇ ಆಳದ ನೀರು 13 ಡಿಗ್ರಿ.

ಈ ಬಾಗಿಲು ಒಮ್ಮೆ ಮುಚ್ಚಿಯೇ ಹೋಗಿತ್ತು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಭೂಫಲಕಗಳ ಒತ್ತಡಕ್ಕೆ ಅಟ್ಲಾಂಟಿಕ್‌ನ ಹಾದಿ ಕಟ್ಟಿಕೊಂಡಿತು. ನದಿಗಳು ತರುವುದಕ್ಕಿಂತ ಹೆಚ್ಚು ನೀರು ಆವಿಯಾಗುವ ಸಮುದ್ರವಿದು. ಒಳಹರಿವು ನಿಂತ ಮೇಲೆ ಮಟ್ಟ ಕುಸಿಯುತ್ತಾ ಹೋಯಿತು, ತಳದಲ್ಲಿ ಕೆಲವೆಡೆ ಒಂದು ಕಿಲೋಮೀಟರ್‌ಗೂ ಮೀರಿದ ದಪ್ಪದ ಉಪ್ಪು ಕುಳಿತಿತು. 53 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರ್ ಮತ್ತೆ ತೆರೆದಾಗ ಅಟ್ಲಾಂಟಿಕ್ ನುಗ್ಗಿ ಬಂತು. ಪಶ್ಚಿಮದ ಅರ್ಧ ತುಂಬಿದ ಮೇಲೆ ನೀರು ಪೂರ್ವದ ಹಳ್ಳಕ್ಕೆ ಧುಮುಕಬೇಕಾದದ್ದು ಸಿಸಿಲಿ-ಮಾಲ್ಟಾ ನಡುವಿನ ದಿಬ್ಬದ ಮೇಲಿಂದಲೇ. ಆ ಪ್ರವಾಹ ಕೊಚ್ಚಿ ತಂದದ್ದೆಂದು ತೋರುವ ಭಾರಿ ಗುಡ್ಡೆಯೊಂದನ್ನು ಮಾಲ್ಟಾದ ಪೂರ್ವಕ್ಕೆ ಕಡಲತಳದಲ್ಲಿ ಗುರುತಿಸಿ ಭೂವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ಜಲಪಾತ ಇಷ್ಟಪಡುವ ಮಕ್ಕಳಿಗೆ ಈ ಕಥೆ ಹೇಳದೆ ಬಿಡಬೇಡಿ.

ಇನ್ನು ಆಕಾಶದ ಮಾತು. ಮಾಲ್ಟಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್, ಚಿತ್ರದುರ್ಗದ ಬಯಲಿನಷ್ಟು. ಅದರಲ್ಲಿ ಬಹುಪಾಲು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಸುರಿದುಹೋಗುತ್ತದೆ, ಜುಲೈಯಲ್ಲಿ ಹನಿಯೂ ಕಾಣದು. ಹಾಗಾದರೆ ಬಿಸಿಲಿಗೆಂದು ಹೋಗುವ ಕಾಲವೇ ಅಲ್ಲಿಯ ಮಳೆಗಾಲ! ಗಾಬರಿ ಬೇಡ. ಇದು ನಮ್ಮ ಮಲೆನಾಡಿನ ಆಷಾಢದಂತೆ ಹಿಡಿದು ಹೊಡೆಯುವ ಮಳೆಯಲ್ಲ. ಬಿರುಸಾಗಿ ಸುರಿದು ಸರಿಯುತ್ತದೆ, ಡಿಸೆಂಬರ್‌ನಲ್ಲೂ ದಿನಕ್ಕೆ ಸರಾಸರಿ ಐದು ಗಂಟೆ ಬಿಸಿಲು ಉಳಿಯುತ್ತದೆ. ಮಳೆ ಹೀಗೆ ಚಳಿಗಾಲಕ್ಕೇ ಸೀಮಿತವಾಗಿರುವುದೇಕೆ? ಸಮಭಾಜಕದ ಬಳಿ ಮೇಲೇರಿದ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತಾ ಮೋಡಗಳನ್ನು ಕರಗಿಸುತ್ತದೆ. ಸಹಾರಾ ಮರುಭೂಮಿ ಇರುವುದು ಇದೇ ಪಟ್ಟಿಯ ಕೆಳಗೆ. ಬೇಸಿಗೆಯಲ್ಲಿ ಈ ಪಟ್ಟಿ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಮೇಲೆ ಕೂರುತ್ತದೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ಸರಿದು ಅಟ್ಲಾಂಟಿಕ್ ಕಡೆಯ ಮಳೆಗಾಳಿಗೆ ದಾರಿ ಬಿಡುತ್ತದೆ.

ಇಲ್ಲಿಯವರೆಗಿನದು ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಬೆರಗಿನದೆನಿಸುವುದು ಮುಂದಿನದು. 1996ರಲ್ಲಿ ಬ್ರಿಟನ್ನಿನ ಹವಾಮಾನ ವಿಜ್ಞಾನಿಗಳಾದ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಒಂದು ಪ್ರಶ್ನೆ ಎತ್ತಿಕೊಂಡರು. ಇಳಿಗಾಳಿಯ ಆ ಪಟ್ಟಿ ಬೇಸಿಗೆಯಲ್ಲಿ ಬಲಗುಂದುತ್ತದೆ, ಹಾಗಿದ್ದೂ ಪೂರ್ವ ಮೆಡಿಟರೇನಿಯನ್ ಜೂನ್-ಆಗಸ್ಟ್‌ನಲ್ಲಿ ಅಷ್ಟೊಂದು ಒಣಗುವುದೇಕೆ? ಅವರ ಕಂಪ್ಯೂಟರ್ ಮಾದರಿಗಳು ಬೆರಳು ತೋರಿದ್ದು ಏಷ್ಯಾದ ಮುಂಗಾರಿನ ಕಡೆಗೆ. ಮಳೆ ಸುರಿಯುವಾಗ ಆವಿ ಹನಿಯಾಗಿ, ತನ್ನೊಳಗೆ ಅಡಗಿಸಿಕೊಂಡಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಇಡೀ ಉಪಖಂಡದ ಮೇಲೆ ತಿಂಗಳುಗಟ್ಟಲೆ ಹೀಗೆ ಬಿಡುಗಡೆಯಾಗುವ ಶಾಖ ವಾತಾವರಣದಲ್ಲಿ ಪಶ್ಚಿಮಕ್ಕೆ ಹರಡುವ ಬೃಹತ್ ಅಲೆಯೊಂದನ್ನು ಎಬ್ಬಿಸುತ್ತದೆ. ಅದು ಉತ್ತರದ ಪಶ್ಚಿಮಮಾರುತಗಳೊಂದಿಗೆ ಸಂಧಿಸಿದಲ್ಲಿ ಗಾಳಿ ಕೆಳಗಿಳಿಯುತ್ತದೆ. ಅಂದರೆ ಬಂಗಾಳಕೊಲ್ಲಿಯಲ್ಲೂ ಸಹ್ಯಾದ್ರಿಯಲ್ಲೂ ಮೋಡ ಕವಿದು ಸುರಿಯುವುದಕ್ಕೂ ಕ್ರೀಟ್ ದ್ವೀಪದ ಆಕಾಶ ನಿರಭ್ರವಾಗಿರುವುದಕ್ಕೂ ನೇರ ಸಂಬಂಧವಿದೆ. ಪೂರ್ವಕ್ಕೆ ಹೋದಷ್ಟೂ ಇದರ ಪ್ರಭಾವ ಹೆಚ್ಚು, ಮಾಲ್ಟಾ ಅದರ ಪಶ್ಚಿಮದ ಅಂಚಿನತ್ತ ಇದೆ.

ಚಳಿಗಾಲದಲ್ಲಿ ಈ ಕೊಡುಕೊಳ್ಳುವಿಕೆ ತಿರುವುಮುರುವಾಗುತ್ತದೆ. ಮೆಡಿಟರೇನಿಯನ್ ಸುತ್ತಮುತ್ತ ಹುಟ್ಟುವ ಅಥವಾ ಅಲ್ಲಿ ಹಾದು ತೇವ ತುಂಬಿಕೊಳ್ಳುವ ವಾಯುಭಾರ ಕುಸಿತಗಳು ಪೂರ್ವಕ್ಕೆ ಸಾಗಿ, ಇರಾನ್ ದಾಟಿ ಭಾರತದ ವಾಯವ್ಯಕ್ಕೆ ಬರುತ್ತವೆ. ನಮ್ಮ ಹವಾಮಾನ ಇಲಾಖೆಯ ವರದಿಗಳಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ಕಾಣಿಸಿಕೊಳ್ಳುವುದು ಇವೇ. ಪಂಜಾಬಿನ ಗೋಧಿಗೆ ಜನವರಿಯ ಮಳೆ ಕೊಡುವುದು ಇವು, ಕಾಶ್ಮೀರಕ್ಕೂ ಕಾರಕೋರಮ್‌ಗೂ ಹಿಮ ಹೊತ್ತು ತರುವುದು ಇವು. ಕೆ2 ಮೇಲೆ ಬೀಳುವ ಚಳಿಗಾಲದ ಹಿಮದಲ್ಲಿ ಮೆಡಿಟರೇನಿಯನ್‌ನ ಪಾಲೂ ಇದೆ.

ದ್ವೀಪಕ್ಕಿಳಿದವರಿಗೆ ಮೊದಲ ದಿನವೇ ಕಾಡುವ ಒಂದು ಸಮಸ್ಯೆ ಹೇಳಬೇಕು. ಹೊರಗಿಗಿಂತ ಮನೆಯೊಳಗೆ ಚಳಿ ಹೆಚ್ಚು! ಮಾಲ್ಟಾದ ಹಳೆಯ ಮನೆಗಳೆಲ್ಲ ದಪ್ಪ ಗೋಡೆಯವು, ಬೇಸಿಗೆಯ ಧಗೆಗೆಂದೇ ಕಟ್ಟಿದವು. ಬಹಳಷ್ಟರಲ್ಲಿ ಜರ್ಮನಿಯ ಮನೆಗಳಂಥ ಕೇಂದ್ರೀಯ ಹೀಟಿಂಗ್ ಇಲ್ಲ. ಮೈಯ ಚರ್ಮ 33 ಡಿಗ್ರಿಯ ಹತ್ತಿರ, ಗೋಡೆ 14-15 ಡಿಗ್ರಿ. ನಡುವಿನ ಗಾಳಿ ತುಸು ಬೆಚ್ಚಗಿದ್ದರೂ ಮೈ ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ನಾಲ್ಕೂ ಗೋಡೆಗಳತ್ತ ಸೂಸುತ್ತಲೇ ಇರುತ್ತದೆ. ಬೀದಿಗಿಳಿದರೆ ಸೂರ್ಯನೇ ಮೈಗೆ ತಿರುಗಿ ಕೊಡುತ್ತಾನೆ. ಚಿಕ್ಕ ಮಕ್ಕಳಿದ್ದರೆ ರೂಮು ಗೊತ್ತುಮಾಡುವ ಮುಂಚೆ ಹೀಟರ್ ಇದೆಯೇ, ದಕ್ಷಿಣಕ್ಕೆ ಕಿಟಕಿ ಇದೆಯೇ ಎಂದು ಕೇಳಿಕೊಳ್ಳುವುದು ಜಾಣತನ.

ಆ ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿ. ಜೇನುಬಣ್ಣದ, ಗರಗಸಕ್ಕೆ ಸಲೀಸಾಗಿ ಸಿಗುವ ಮೆದು ಸುಣ್ಣಕಲ್ಲು. ಹೆಸರು ಗ್ಲೋಬಿಜರೈನಾ. ಅದೇ ಹೆಸರಿನ, ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪುಗಳು ಎರಡು ಕೋಟಿ ವರ್ಷಗಳ ಹಿಂದೆ ತಳದಲ್ಲಿ ಶೇಖರಗೊಂಡು ಈ ಕಲ್ಲಾಯಿತು. 1566ರಲ್ಲಿ ಅಡಿಗಲ್ಲಿಟ್ಟ ವಲೆಟ್ಟಾ ನಗರ ಎದ್ದುನಿಂತಿರುವುದು ಆ ಚಿಪ್ಪುಗಳಿಂದ. ಕಡಲ ಕಡೆಗೆ ಮುಖಮಾಡಿದ ಗೋಡೆಗಳಲ್ಲಿ ಕಲ್ಲು ಗೂಡುಗೂಡಾಗಿ ತಿಂದುಹೋಗಿರುತ್ತದೆ, ಗಾರೆಯ ಅಂಚು ಮಾತ್ರ ಮುಂದಕ್ಕೆ ಚಾಚಿ ನಿಂತಿರುತ್ತದೆ. ಬೆರಳಾಡಿಸಿದರೆ ಹಳದಿ ಪುಡಿ ಉದುರುತ್ತದೆ. ಗಾಳಿ ತಂದ ಉಪ್ಪುನೀರು ಕಲ್ಲಿನ ರಂಧ್ರಗಳಿಗಿಳಿದು, ಬಿಸಿಲಿಗೆ ಒಣಗಿ ಹರಳುಗಟ್ಟಿ, ಕಣವನ್ನು ಕಣದಿಂದ ಬಿಡಿಸಿ ತಳ್ಳಿದ ಗುರುತು ಅದು. ಚಳಿಗಾಲದ ಅಲೆಗಳದು ಇನ್ನೂ ಒರಟು ಕೆಲಸ. ಗೋಜೊ ದ್ವೀಪದ ಹೆಸರಾಂತ ಕಲ್ಲುಕಮಾನು ‘ಅಜ್ಯೂರ್ ವಿಂಡೋ’ 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಕುಸಿದು ಕಡಲು ಸೇರಿತು.

ಮಾಲ್ಟಾ ದ್ವೀಪದ ದಕ್ಷಿಣ ದಂಡೆಯ ಮ್ನೈದ್ರಾ ಗುಡಿ ಐದು ಸಾವಿರ ವರ್ಷ ಹಳೆಯದು. ಹಗಲು-ರಾತ್ರಿ ಸಮವಾಗುವ ದಿನಗಳಲ್ಲಿ ಉದಯದ ಕಿರಣ ಅದರ ಬಾಗಿಲಿನಿಂದ ನಟ್ಟನಡುವೆ ನೇರ ಒಳಗೆ ಹೋಗುತ್ತದೆ. ವರ್ಷದ ಅತಿ ಚಿಕ್ಕ ಹಗಲಂದು ಒಳಗಿನ ಬದಿಗಲ್ಲಿನ ಅಂಚನ್ನಷ್ಟೇ ಬೆಳಗುತ್ತದೆ. ಆ ಮುಂಜಾನೆ ಕೆಲವೇ ಜನರನ್ನು ಟಿಕೆಟ್ ಮೇಲೆ ಒಳಗೆ ಬಿಡುವ ಪರಿಪಾಠವಿದೆ. ಅಲ್ಲಿಗೆ ಹೋಗುವ ದಾರಿಯ ಹೊಲಗಳೆಲ್ಲ ಆಗ ಹಸಿರು. ನೀರು ಸಿಗುವುದೇ ಚಳಿಗಾಲದಲ್ಲಾದ್ದರಿಂದ ಗಿಡಗಳು ಚಿಗುರುವುದೂ ಆಗಲೇ, ಬೇಸಿಗೆ ಅವಕ್ಕೆ ನಿದ್ದೆಯ ಕಾಲ. ಬದುಗಳ ಮೇಲೆ ನಿಂಬೆಹಳದಿ ಹೂವಿನ ಸಸಿಯೊಂದು ಹಾಸಿಕೊಂಡಿರುತ್ತದೆ. ಎಲೆ ಥೇಟ್ ನಮ್ಮ ಹಿತ್ತಿಲ ಪುಳ್ಳಂಪುರಚಿ, ರುಚಿಯೂ ಹುಳಿಯೇ. ಅದರ ದಾಯಾದಿಯೇ ಇದು, ತವರು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ. 19ನೇ ಶತಮಾನದ ಆರಂಭದಲ್ಲಿ ಇಲ್ಲಿಯ ಸಸ್ಯೋದ್ಯಾನಕ್ಕೆ ಬಂದದ್ದು, ಬೀಜಕ್ಕಿಂತ ಹೆಚ್ಚಾಗಿ ನೆಲದೊಳಗಿನ ಪುಟ್ಟ ಗೆಡ್ಡೆಗಳಿಂದಲೇ ಹಬ್ಬಿ ಮೆಡಿಟರೇನಿಯನ್‌ನ ದಂಡೆಗಳಲ್ಲೆಲ್ಲ ಬೇರೂರಿತು.

ಇಷ್ಟೆಲ್ಲ ಹಸಿರಿದ್ದರೂ ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸುಣ್ಣಕಲ್ಲು ಮಳೆಯನ್ನು ಹೀರಿಕೊಂಡು ಕೆಳಗಿಳಿಸುತ್ತದೆ. ಅಲ್ಲಿ ಸಿಹಿನೀರು ಕಡಲ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ, ಸಿಹಿನೀರು ಹಗುರವಾದ್ದರಿಂದ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ನಲವತ್ತು ಮೀಟರ್ ಇರಬೇಕೆಂಬುದು ಭೌತವಿಜ್ಞಾನದ ಲೆಕ್ಕ. ಈ ಲೆಕ್ಕ ತಿರುಗಿಯೂ ಬೀಳುತ್ತದೆ. ಪಂಪು ಹಾಕಿ ಒಂದು ಮೀಟರ್ ಇಳಿಸಿದರೆ ತಳದಿಂದ ಉಪ್ಪುನೀರು ನಲವತ್ತು ಮೀಟರ್ ಮೇಲೇರಲು ಹವಣಿಸುತ್ತದೆ. ನಮ್ಮ ಕರಾವಳಿಯ ಬಾವಿಗಳು ಕಡುಬೇಸಿಗೆಯಲ್ಲಿ ಉಪ್ಪಾಗುವುದೂ ಇದೇ ಕಾರಣಕ್ಕೆ. ಮಾಲ್ಟಾದ ಕೊಳವೆಬಾವಿಗಳು ಆ ಹಂತವನ್ನು ಎಂದೋ ಮುಟ್ಟಿವೆ. ಇಂದು ಅಲ್ಲಿಯ ನಲ್ಲಿಗಳಲ್ಲಿ ಬರುವ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರನ್ನು ಆರ್‌ಒ ವಿಧಾನದಲ್ಲಿ ಶೋಧಿಸಿದ್ದು.

ಮೆಡಿಟರೇನಿಯನ್ ಪ್ರದೇಶ ಬಿಸಿಯಾಗುತ್ತಿರುವ ವೇಗ ಜಗತ್ತಿನ ಸರಾಸರಿಗಿಂತ ಹೆಚ್ಚು. 2021ರ ಆಗಸ್ಟ್ 11ರಂದು ಪಕ್ಕದ ಸಿಸಿಲಿಯಲ್ಲಿ 48.8 ಡಿಗ್ರಿ ದಾಖಲಾಯಿತು, ಅದು ಯುರೋಪಿನ ದಾಖಲೆ. ಚಳಿಗಾಲದ ಮಳೆ ಈ ಭಾಗದಲ್ಲಿ ಇನ್ನೂ ಕುಗ್ಗಲಿದೆ ಎನ್ನುವಲ್ಲಿ ಬಹುತೇಕ ಹವಾಮಾನ ಮಾದರಿಗಳು ಒಮ್ಮತ ಹೊಂದಿವೆ. ಬೇಸಿಗೆಯ ಪ್ರವಾಸಿಗರು ಚಳಿಗಾಲಕ್ಕೆ ಸರಿದರೆ ಆಶ್ಚರ್ಯವಿಲ್ಲ. ಆ ಮಳೆಯನ್ನು ಹಿಡಿದಿಡಲು ಹಿಂದೆ ಮಾಲ್ಟಾದ ಮನೆಮನೆಯ ಅಡಿಯಲ್ಲೂ ಕಲ್ಲು ಕೊರೆದು ಮಾಡಿದ ಮಳೆನೀರಿನ ತೊಟ್ಟಿ ಇರುತ್ತಿತ್ತು, ಹಳೆಯ ಅಂಗಳಗಳಲ್ಲಿ ಅದರ ಬಾಯಿಕಟ್ಟೆ ಇಂದಿಗೂ ಕಾಣಸಿಗುತ್ತದೆ. ಈಗ ಕಾಂಕ್ರೀಟು, ಡಾಂಬರು ಮುಚ್ಚಿದ ನೆಲದ ಮೇಲೆ ಒಂದು ಗಟ್ಟಿ ಮಳೆ ಬಿದ್ದರೆ ಮ್ಸೀದಾ ಪಟ್ಟಣದ ತಗ್ಗು ಬೀದಿಗಳು ಹೊಳೆಯಾಗುತ್ತವೆ. ಆ ಸಿಹಿನೀರು ಗಂಟೆಯೊಳಗೆ ಬಂದರಿನಲ್ಲಿ ಉಪ್ಪುನೀರಿಗೆ ಸೇರುತ್ತದೆ, ಅದೇ ಕಡಲಿನ ನೀರನ್ನು ಕರೆಂಟು ಸುಟ್ಟು ಮತ್ತೆ ಸಿಹಿಮಾಡಿ ಮೇಲಕ್ಕೆ ಪಂಪು ಮಾಡುತ್ತಾರೆ.